ಬಂಡಸಾಲೆಯ ಮಾಡು

ಅವತ್ತು ಬೆಳಿಗ್ಗೆ ದೋಸೆ ತಂದರೆ ಮೇಜಿನ ಮೇಲೆ ಬಟ್ಟಲಿಡಲು ಜಾಗವಿರಲಿಲ್ಲ. ಒಂದು ಹಂಚು ಬೋರಲಾಗಿ ಮಲಗಿತ್ತು. ಪಕ್ಕದ ಬೋಗುಣಿಯಲ್ಲಿ ಕೆಂಪು ನೀರು. ನಾನು ಮಿಕ್ಸಿ ತೊಳೆಯಲು ಇಟ್ಟುಕೊಂಡಿದ್ದ ಬ್ರಶ್ಶಿನಿಂದ ನನ್ನ ಗಂಡ ಆ ಹಂಚಿನ ಬೆನ್ನು ಉಜ್ಜುತ್ತಿದ್ದರು.

"ಎಂತ ಮಾರಾಯ್ರೇ ಇದು? ಉಣ್ಣುವ ಮೇಜಿನ ಮೇಲೆ ಹಂಚಿಗೆ ಸ್ನಾನವಾ?"

"ಬೈಯಬೇಡ ಮಾರಾಯ್ತಿ. ನಿನ್ನ ತವರಿನ ನೆಂಟ ಬಂದಿದ್ದಾನೆ. ಹೆಸರು ಓದು."

ಪಾಚಿ ಹೋದ ಕಡೆ ಮಂಗಳೂರು ಎಂಬ ಇಂಗ್ಲಿಷ್ ಅಕ್ಷರಗಳೂ ಒಂದು ಮೀನಿನ ಗುರುತೂ ಕಾಣಿಸಿದವು. ನಾನು ಹುಟ್ಟಿ ಬೆಳೆದದ್ದು ಹಂಚಿನ ಕಾರ್ಖಾನೆಗಳ ಚಿಮಣಿ ಕಾಣುವ ಕಡೆಯಾದರೂ ಹಂಚಿನ ಬೆನ್ನನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅವತ್ತೇ.

"ನಮ್ಮ ಬಂಡಸಾಲೆಯೊಳಗೆ ಬೆಳಕು ಬೀಳಲು ಈ ಮೀನಿನದ್ದೇ ಗಾಜಿನ ಹಂಚು ಒಂದು ಬೇಕು. ಇದ್ದದ್ದು ಒಡೆದು ಹೋಗಿ ಅಲ್ಲಿ ತಗಡು ಮುಚ್ಚಿದ್ದಾರೆ" ಎಂದರು.

"ಸಿಗದಿದ್ದರೆ ಬೇರೆ ಯಾವುದಾದರೂ ಹಾಕಿ. ಗಾಜು ಗಾಜೇ ಅಲ್ಲವಾ?"

"ಬೇರೆಯದು ಕೂರುವುದಿಲ್ಲ."

ಮಗಳು ಕೋಣೆಯಿಂದ ಬಂದು, "ಅಚ್ಛನ್ ಹಂಚು ತಿನ್ನುತ್ತಾರಾ ಇವತ್ತು?" ಎಂದು ಮಲಯಾಳದಲ್ಲಿ ಕೇಳಿ, ದೋಸೆ ಸುತ್ತಿಕೊಂಡು ಕಾಲೇಜಿನ ಬಸ್ಸಿಗೆ ಓಡಿದಳು. ಅವಳೊಂದಿಗೆ ನಾವು ಮಾತಾಡುವುದು ಕನ್ನಡ, ಅವಳು ಉತ್ತರ ಕೊಡುವುದು ಮಲಯಾಳ. ಮನೆಯಲ್ಲಿ ಅದು ಎಂದಿನಿಂದಲೂ ಹಾಗೇ. ಇವರು ಹಂಚನ್ನು ಹಳೆಯ ಲುಂಗಿಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಮರುದಿನ ತಿರುವನಂತಪುರದಲ್ಲಿ ಹಳೆಯ ಕಟ್ಟಡಗಳ ಸಮಿತಿಯ ಸಭೆಯಿತ್ತು.

"ಹಂಚು ಹೊತ್ತುಕೊಂಡು ಅಲ್ಲಿತನಕ ಹೋಗುತ್ತೀರಾ? ಅಲ್ಲಿ ಹಂಚಿಗೆ ಬರಗಾಲವಾ?" ಎಂದೆ.

"ಕಾಗದದಲ್ಲಿ ಬರೆದರೆ ಅವರಿಗೆ ಅರ್ಥ ಆಗುವುದಿಲ್ಲ. ಕೈಗೆ ಕೊಟ್ಟರೆ ಆದೀತು."

ಅದೇ ನಮ್ಮ ಕೊನೆಯ ಸಾಮಾನ್ಯ ದಿನ.

ಮರುದಿನ ಮಧ್ಯಾಹ್ನ ಫೋನು ಬಂತು. ಸಭೆ ಮುಗಿಸಿ ಅವರು ಅದೇ ನಗರದ ಉಳ್ಳೂರಿಗೆ ಹೋಗಿದ್ದರಂತೆ. ಅಲ್ಲಿ ಒಂದು ಹಳೆಯ ಮನೆ ಕೆಡವುತ್ತಿದ್ದಾರೆ, ಅದರ ಮಾಡಿನಲ್ಲಿ, ಛಾವಣಿಯಲ್ಲಿ, ಗಾಜಿನ ಹಂಚು ಇರಬಹುದು ಎಂದು ಯಾರೋ ಹೇಳಿದ್ದರಂತೆ. ಆಟೋದಿಂದ ಇಳಿಯುವಾಗಲೇ ಕುಸಿದರು. ಆಟೋದವನು ಅಲ್ಲೇ ಹತ್ತಿರದಲ್ಲಿದ್ದ ದೊಡ್ಡ ಆಸ್ಪತ್ರೆಗೆ ಕೂಡಲೇ ಒಯ್ದ. ಎಲ್ಲರೂ ಮಾಡಬೇಕಾದ್ದನ್ನು ಮಾಡಿದರು. ನಾನೂ ಮಗಳೂ ರೈಲಿನಲ್ಲಿ ತಲುಪುವಷ್ಟರಲ್ಲಿ ಮುಗಿದಿತ್ತು. ಆಸ್ಪತ್ರೆಯವರು ಚೀಲ ಕೊಟ್ಟಾಗ ಅದರ ಭಾರಕ್ಕೆ ನನ್ನ ಕೈ ಕೆಳಗೆ ಜಗ್ಗಿತು. ಹಂಚು ಒಳಗೇ ಇತ್ತು. ಒಡೆದಿರಲಿಲ್ಲ.

ಇವರು ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ ಜೂನಿಯರ್ ಇಂಜಿನಿಯರ್ ಆಗಿದ್ದರು. ಕಾಕ್ಕನಾಡಿನ ಗಾಜುಗೋಡೆಯ ಕಟ್ಟಡದಲ್ಲಿ ಕಚೇರಿ. ಕೆಲಸ ಮಾತ್ರ ಮಟ್ಟಾಂಚೇರಿಯ ಒಂದು ಹಳೆಯ ಪಾಂಡಿಕಶಾಲೆಯಲ್ಲಿ. ನಮ್ಮ ಕಡೆ ಬಂಡಸಾಲೆ ಎನ್ನುವುದನ್ನು, ಅಂದರೆ ಸರಕಿನ ಉಗ್ರಾಣವನ್ನು, ಇಲ್ಲಿ ಹಾಗೆನ್ನುತ್ತಾರೆ. ಒಂದು ಕಾಲದಲ್ಲಿ ಮೆಣಸು, ಶುಂಠಿ ತುಂಬಿಡುತ್ತಿದ್ದ ಎರಡಂತಸ್ತಿನ ಕಟ್ಟಡ. ಮೇಲಿನ ಅಂತಸ್ತು ಇಲಾಖೆಯ ದಾಖಲೆ ಕೋಣೆಯಾಗಿತ್ತು. ನಗರದ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಹೆಸರಿದ್ದರೆ ಹೊರರೂಪ ಬದಲಿಸಲು ತಿರುವನಂತಪುರದ ಸಮಿತಿಯ ಒಪ್ಪಿಗೆ ಬೇಕು. ಆ ಪಟ್ಟಿಯಿಂದ ಅದಕ್ಕಿಂತ ಹೆಚ್ಚಿನದು ಆಗುವುದಿಲ್ಲ. ಮಳೆ ಬಂದಾಗ ಪಟ್ಟಿಯನ್ನು ಮಾಡಿನ ಮೇಲೆ ಹೊದಿಸಲು ಬರುವುದಿಲ್ಲ.

ಸುಮಾರು ಒಂದು ವರ್ಷದ ಮೇಲೆ ನನಗೆ ಅನುಕಂಪದ ಆಧಾರದ ಮೇಲೆ ಅದೇ ಇಲಾಖೆಯಲ್ಲಿ ಕೆಲಸ ಸಿಕ್ಕಿತು. ನಾನು ಪಿ.ಯು.ಸಿ. ಓದಿದವಳು. ಅದಕ್ಕೆ ತಕ್ಕ ಹುದ್ದೆ: ಸಾಮಾನು ನೋಡಿಕೊಳ್ಳುವುದು, ಬಂದದ್ದು ಹೋದದ್ದು ಬರೆಯುವುದು, ಬೀಗದ ಕೈ ಇಟ್ಟುಕೊಳ್ಳುವುದು. ಕಾಕ್ಕನಾಡಿನಲ್ಲಿ ನೆರಳಿನಲ್ಲಿ ಕೂರಿಸುತ್ತೇವೆ ಎಂದರು. ಬಂಡಸಾಲೆಗೇ ಹಾಕಿ ಎಂದು ನಾನು ಕೇಳಿಕೊಂಡೆ.

"ಪಾವಂ" ಎಂದರು ಎಲ್ಲರೂ. ಮಲಯಾಳದಲ್ಲಿ ಪಾಪ ಎನ್ನಲು ಆ ಮಾತು. ಕ್ಯಾಂಟೀನಿನವಳು ಪಾವಂ ಎಂದು ಒಂದು ಪರಿಪ್ಪುವಡೆ ಹೆಚ್ಚಿಗೆ ಹಾಕುತ್ತಿದ್ದಳು. ವಡೆ ತಿನ್ನುತ್ತಿದ್ದೆ, ಆ ಮಾತು ಮಾತ್ರ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ನಾನು ಸೇರುವಾಗ ಬಂಡಸಾಲೆಗೆ ಮಾಡೇ ಇರಲಿಲ್ಲ. ಇವರು ಹೋದ ಮೇಲೆ ಬಂದ ಹೊಸ ಗುತ್ತಿಗೆದಾರ ಮಳೆಗೆ ಮುಂಚೆ ಹಂಚನ್ನೆಲ್ಲ ಇಳಿಸಿ ಮೇಲೆ ನೀಲಿ ಟಾರ್ಪಾಲು ಎಳೆದಿದ್ದ. ಅಂಗಳದಲ್ಲಿ ಹಂಚಿನ ಗುಡ್ಡೆ. ಅವನ ಪ್ರಕಾರ ಅಚ್ಚುಕಟ್ಟಾದ ಗುಡ್ಡೆಯೇ: ಗಟ್ಟಿಯಿದ್ದದ್ದು ಈ ಕಡೆ, ಬಿರುಕು ಬಿಟ್ಟದ್ದು ಆ ಕಡೆ. ಯಾವ ಇಳಿಜಾರಿನಿಂದ ಇಳಿದದ್ದು ಯಾವುದು ಎಂಬುದಕ್ಕೆ ಗುರುತಿರಲಿಲ್ಲ. ಅದು ಬೇಕಾಗುತ್ತದೆ ಎಂದು ಅವನಿಗೆ ಹೇಳುವವರೂ ಇರಲಿಲ್ಲ.

ಕೆಲಸ ನೋಡಿಕೊಳ್ಳುತ್ತಿದ್ದ ಸಹಾಯಕ ಇಂಜಿನಿಯರ್ ತೃಶ್ಶೂರಿನ ಹುಡುಗಿ. ಹಳೆಯ ಕಟ್ಟಡ ಉಳಿಸುವುದನ್ನೇ ಕಾಲೇಜಿನಲ್ಲಿ ಓದಿದವಳು. ನನ್ನನ್ನು ಚೇಚ್ಚಿ, ಅಂದರೆ ಅಕ್ಕ, ಎನ್ನುತ್ತಿದ್ದಳು, ನಾನು ಅವಳಿಗೆ ಮೇಡಂ. ಹಂಚು ಹೊದಿಸುವ ಮೇಸ್ತ್ರಿ ಮಟ್ಟಾಂಚೇರಿಯ ಹಳಬ. ಎಲ್ಲರೂ ಇಕ್ಕ, ಅಣ್ಣ, ಎಂದು ಕರೆಯುತ್ತಿದ್ದರು. ಅವನು ನನ್ನನ್ನು ಪೆಂಙಳೇ, ತಂಗಿ, ಎನ್ನುತ್ತಿದ್ದ. ವಾರಕ್ಕೊಂದು ಮದುವೆಯೂಟಕ್ಕೆ ರಜೆ ಬೇಕಾಗುತ್ತಿತ್ತು ಅವನಿಗೆ.

"ಇಷ್ಟು ಮದುವೆ ಯಾರದ್ದು ಇಕ್ಕಾ?" ಎಂದು ಮೇಡಂ ಗದರಿದರೆ, "ನನ್ನದಲ್ಲ ಎನ್ನುವುದೇ ದುಃಖ ಮಗಳೇ" ಎನ್ನುತ್ತಿದ್ದ.

ಮೊದಲು ಮರದ ಕೆಲಸ. ಮಾಡನ್ನು ಹೊರುವ ಓರೆ ತೊಲೆಗಳು, ಪಕ್ಕಾಸುಗಳು, ಹೆಬ್ಬಲಸಿನ ಮರದವು. ನಡುವೆ ಕಬ್ಬಿಣದ ಹಾಗಿದ್ದವು. ಸೂರಿನ ಕಡೆಯ ತುದಿಗಳು ಮಾತ್ರ ಒದ್ದೆಯಾಗಿ, ಗೆದ್ದಲು ಹತ್ತಿ, ಉಗುರಿನಿಂದ ಕೆರೆದರೆ ಉದುರುತ್ತಿದ್ದವು. ಇಡೀ ಪಕ್ಕಾಸು ಬದಲಿಸದೆ, ಕೊಳೆತ ತುದಿಯನ್ನು ಓರೆಯಾಗಿ ಕೊಯ್ದು, ಅದೇ ಜಾತಿಯ ಮರದ ತುಂಡು ಜೋಡಿಸಿ, ಮರದ ಗೂಟ ಹೊಡೆದು ಬಿಗಿದರು. ಅದರ ಮೇಲೆ ಅಡ್ಡಕ್ಕೆ ಹೊಸ ರೀಪುಗಳು, ಮರದ ತೆಳು ಪಟ್ಟಿಗಳು. ಹಂಚಿನ ಬೆನ್ನಲ್ಲಿ ಮೂಗಿನ ಹಾಗೆ ಎರಡು ಗುಬುಟು ಇರುತ್ತವೆ. ಅವು ರೀಪಿಗೆ ಸಿಕ್ಕಿಕೊಂಡು ಹಂಚು ಜಾರದೆ ನಿಲ್ಲುತ್ತದೆ.

ನನ್ನ ಪಾಲಿಗೆ ಬಂದದ್ದು ತೊಳೆಯುವ ಕೆಲಸದ ಉಸ್ತುವಾರಿ. ತೆಂಗಿನ ನಾರಿನ ಬ್ರಶ್ಶಿನಿಂದ ಪಾಚಿ ಉಜ್ಜಬೇಕು. ತಂತಿ ಬ್ರಶ್ ಕೂಡದು, ಮೇಲಿನ ಸುಟ್ಟ ಪದರ ಹೋಗಿ ಹಂಚು ನೀರು ಕುಡಿಯತೊಡಗುತ್ತದೆ. ಒಣಗಿದ ಮೇಲೆ ಬೆರಳ ಗಣ್ಣಿನಿಂದ ತಟ್ಟಬೇಕು. ಒಳ್ಳೆಯದು ಗಂಟೆಯ ಹಾಗೆ ನುಡಿಯುತ್ತದೆ, ಒಡಕಿದ್ದದ್ದು ಮರದ ಹಾಗೆ ಮೊಂಡು ಸದ್ದು ಮಾಡುತ್ತದೆ. ಅನುಮಾನ ಬಂದರೆ ಮೇಲೆ ನೀರು ಹನಿಸಿ ಕೆಳಗೆ ಕೈಯಿಟ್ಟು ನೋಡುವುದು. ಹೆಣ್ಣಾಳುಗಳೊಂದಿಗೆ ನಾನೂ ಕೂತು ಉಜ್ಜಿದೆ. ಮನೆಯಲ್ಲಿ ಒಬ್ಬಳೇ ಇರುವುದಕ್ಕಿಂತ ಅದು ಸುಲಭವಾಗಿತ್ತು.

ಮಾರ್ಚ್ ಕಳೆಯುವಾಗ ತೆಂಕಣ ಇಳಿಜಾರಿಗೆ ಹಂಚು ಹೊದಿಸಿಯಾಯಿತು. ಕೆಳಗೆ ನಿಂತು ನೋಡಿದರೆ ಕೆಂಪಗೆ ಹಬ್ಬದ ಹಾಗೆ ಕಾಣುತ್ತಿತ್ತು. ಗುತ್ತಿಗೆದಾರ ಎಲ್ಲರಿಗೂ ಚಹಾ ಕೊಡಿಸಿದ. ಅದಾದ ಮರುವಾರ ಗಾಳಿಯೊಂದಿಗೆ ಬೇಸಿಗೆ ಮಳೆ ಬಂತು. ಮೇಲಿನ ಅಂತಸ್ತಿಗೆ ಓಡಿದೆವು. ನೆಲದ ಹಲಗೆಗಳ ಮೇಲೆ ಅಲ್ಲಲ್ಲಿ ನೀರು. ಒಂದು ಕಡೆಯಲ್ಲ, ಎಲ್ಲ ಕಡೆ. ಹನಿಯಾಗಿ ಬೀಳುವುದೂ ಅಲ್ಲ, ಗಾಳಿ ಹೊಡೆದಾಗೊಮ್ಮೆ ಯಾರೋ ಚಿಮುಕಿಸಿದ ಹಾಗೆ.

ಇಕ್ಕ ಸಂದುಗಳಿಗೆ ಸುಣ್ಣದ ಗಾರೆ ತುಂಬಿದ. ಇದರಿಂದ ನಿಲ್ಲುತ್ತದೆ, ನನ್ನ ಬಾಪ್ಪ ಮಾಡುತ್ತಿದ್ದದ್ದೂ ಹೀಗೇ ಎಂದ. ನಿಲ್ಲಲಿಲ್ಲ. ಬಿಸಿಲಿಗೆ ಗಾರೆ ಬಿರಿದು, ಮುಂದಿನ ಮಳೆಗೆ ನೀರಿನೊಂದಿಗೆ ಗಾರೆಯ ಪುಡಿಯೂ ಬಿತ್ತು.

ಕಾಕ್ಕನಾಡಿನಿಂದ ದೊಡ್ಡ ಇಂಜಿನಿಯರ್ ಬಂದರು. ಕೆಟ್ಟ ಮನುಷ್ಯರಲ್ಲ. ಅವರ ಚಿಂತೆ ದಾಖಲೆಗಳದ್ದು. ಹಿಂದೆ ಒಮ್ಮೆ ಮಳೆಗೆ ನೆನೆದ ಕಟ್ಟುಗಳು ಇನ್ನೂ ಬೂಷ್ಟು ವಾಸನೆ ಹೊಡೆಯುತ್ತ ಒಂದು ಕೋಣೆಯಲ್ಲಿದ್ದವು. ಮೂಗಿಗೆ ಕರವಸ್ತ್ರ ಹಿಡಿದು ಅವನ್ನು ನೋಡಿ, ಮೇಲೆ ನೋಡಿ, "ಸಾಕು. ಟ್ರಸ್ಸು ಹಾಕಿ ಶೀಟು ಹೊದಿಸೋಣ. ಹಂಚಿನ ಬಣ್ಣದ್ದೇ ಶೀಟು ಸಿಗುತ್ತದೆ. ದೂರದಿಂದ ಯಾರಿಗೂ ಗೊತ್ತಾಗುವುದಿಲ್ಲ" ಎಂದರು.

ಇಲ್ಲಿ ಈಗ ಊರೆಲ್ಲ ಅದೇ. ಕಬ್ಬಿಣದ ಕೊಳವೆ ನಿಲ್ಲಿಸಿ, ಮೇಲೆ ತಗಡಿನ ಹಾಳೆ. ಮನೆ, ಅಂಗಡಿ, ಪ್ರಾರ್ಥನೆಯ ಜಾಗ, ಎಲ್ಲದರ ನೆತ್ತಿಯ ಮೇಲೂ. ಸೋರುವುದಿಲ್ಲ ಎನ್ನುವುದು ನಿಜ. ಒಳಗೆ ಬೇಯುತ್ತದೆ ಎನ್ನುವುದೂ ನಿಜ. ಪಕ್ಕಾಸುಗಳ ಮೇಲೆ ಕಬ್ಬಿಣ ನಿಲ್ಲಿಸಲು ಗೋಡೆಯ ತಲೆ ಒಡೆದು ಕಾಂಕ್ರೀಟು ಹಾಕಬೇಕು. ಹಾಗೆ ಒಡೆದ ಗೋಡೆಯನ್ನು ಮತ್ತೆ ಹಿಂದಿನ ಹಾಗೆ ಮಾಡಲು ಆಗುವುದಿಲ್ಲ ಎಂದು ಮೇಡಂ ಮೆಲ್ಲಗೆ ಹೇಳಿದಳು. ದೊಡ್ಡವರು ಕರವಸ್ತ್ರ ಮಡಚಿ ಜೇಬಿಗಿಟ್ಟು ಮೆಟ್ಟಿಲಿಳಿದರು.

ಅವತ್ತು ಸಂಜೆ ಇಕ್ಕ ಸೋತ ಮುಖ ಹಾಕಿಕೊಂಡು ಗುಡ್ಡೆಯ ಮೇಲೆ ಕೂತು ಬೀಡಿ ಸೇದುತ್ತಿದ್ದ. ಎರಡು ಹಂಚು ಎತ್ತಿ ಒಂದರ ಅಂಚಿನ ಮೇಲೆ ಇನ್ನೊಂದನ್ನು ಕೂರಿಸಿದ. ಅಲುಗಾಡಿತು. ಬೈದು ಕೆಳಗಿಟ್ಟ.

"ಇವಕ್ಕೂ ತರವಾಡು ಉಂಟು ಪೆಂಙಳೇ. ಒಂದು ಮನೆತನದವರು ಇನ್ನೊಂದು ಮನೆತನದ ಪಕ್ಕ ಕೂರುವುದಿಲ್ಲ."

ಬೇರೆಯದು ಕೂರುವುದಿಲ್ಲ. ಇವರು ಮೇಜಿನ ಪಕ್ಕ ನಿಂತು ಹೇಳಿದ ಮಾತು. ಗಾಜಿನ ಹಂಚಿನ ಬಗ್ಗೆ ಮಾತ್ರ ಹೇಳಿದರೆಂದು ನಾನು ತಿಳಿದಿದ್ದೆ. ನಾನು ಅದನ್ನು ಮೇಡಂಗೆ ಹೇಳಿದೆ. ಅವಳು ಟೇಪು ತಂದಳು. ಗುಡ್ಡೆಯಿಂದ ಸಿಕ್ಕಿದ್ದನ್ನು ಎತ್ತಿ, ಬೆನ್ನು ತಿರುಗಿಸಿ, ಗುಬುಟಿನಿಂದ ತುದಿಯವರೆಗೆ ಅಳೆಯತೊಡಗಿದಳು. ಮೀನಿನ ಗುರುತಿನದು ಒಂದು ಅಳತೆ. ಗಂಟೆಯ ಗುರುತಿನದು ಅದಕ್ಕಿಂತ ಅರ್ಧ ಬೆರಳು ಗಿಡ್ಡ. ಅರ್ಧಚಂದ್ರದ್ದು ಉದ್ದ ಸರಿಯಾಗಿತ್ತು, ಅಂಚಿನ ಕಾಲುವೆ ಅಗಲ. ಒಂದೊಂದು ಕಾರ್ಖಾನೆಯ ಅಚ್ಚು ಒಂದೊಂದು ತರ. ಹೊರಗಿನಿಂದ ಎಲ್ಲ ಒಂದೇ ಮಂಗಳೂರು ಹಂಚು. ಬೆರೆಸಿ ಹೊದಿಸಿದರೆ ನೂಲಿನಷ್ಟು ಸಂದು ಉಳಿಯುತ್ತದೆ, ಗಾಳಿ ಮಳೆಯನ್ನು ಅಲ್ಲಿಂದ ಒಳಗೆ ತಳ್ಳುತ್ತದೆ. ಹಿಂದಿನ ರಿಪೇರಿಗಳಲ್ಲೂ ಒಡೆದ ಕಡೆಗೆಲ್ಲ ಕೈಗೆ ಸಿಕ್ಕಿದ್ದನ್ನು ತುರುಕಿದ್ದರು. ಹಳೆಯದಾಗಿ ಸೋರುತ್ತದೆ ಎಂದು ಎಲ್ಲರೂ ಇಷ್ಟು ಕಾಲ ಹೇಳುತ್ತಿದ್ದರು. ಸೋರುತ್ತಿದ್ದದ್ದು ಹಳೆಯದಾದ್ದರಿಂದ ಆಗಿರಲಿಲ್ಲ.

"ಓದುವಾಗ ಇದನ್ನು ಒಂದು ಸಾಲಿನಲ್ಲಿ ಹೇಳಿದ್ದರು ಚೇಚ್ಚಿ. ನಾನು ಪರೀಕ್ಷೆಯಲ್ಲಿ ಬರೆದೂ ಇದ್ದೇನೆ" ಎಂದಳು. ಅವಳ ಕೈಯೆಲ್ಲ ಕೆಂಪಾಗಿತ್ತು.

ಅವಳು ಇದನ್ನೆಲ್ಲ ದೊಡ್ಡವರಿಗೆ ಪತ್ರ ಬರೆದು ಕಳಿಸಿದಳು. ಅದಕ್ಕೆ ಉತ್ತರ ಬರುವ ಮೊದಲೇ ಲಾರಿ ಬಂತು.

ಹಳೆಯ ಹಂಚಿಗೆ ಈಗ ಬೇಡಿಕೆಯಿದೆ. ಹಿನ್ನೀರಿನ ಬದಿಯ ರೆಸಾರ್ಟುಗಳಿಗೆ ಹಳತರ ಹಾಗೆ ಕಾಣುವ ಮಾಡು ಬೇಕು. ಶೀಟು ಹೇಗೂ ಬರುತ್ತದೆ, ಅಂಗಳ ಖಾಲಿಯಾಗಲಿ ಎಂದು ಗುತ್ತಿಗೆದಾರ ಯಾರಿಗೋ ಮಾತು ಕೊಟ್ಟಿದ್ದ. ಬೀಗದ ಕೈ ನನ್ನ ಸೊಂಟದಲ್ಲಿತ್ತು.

"ಚೇಚ್ಚಿ, ಗೇಟು" ಎಂದ ಗುತ್ತಿಗೆದಾರ.

"ಕಾಗದ?"

"ಕಾಗದ ಬರುತ್ತದೆ. ಸಾರ್ ಒಪ್ಪಿದ್ದಾರೆ."

"ಬರಲಿ. ಬಂದ ಮೇಲೆ ತೆಗೆಯುತ್ತೇನೆ."

"ಪಾವಂ, ನಿಮಗೆ ಯಾಕೆ ಈ ತಲೆನೋವು? ನೆರಳಿನಲ್ಲಿ ಕೂತುಕೊಳ್ಳಿ. ನಾವು ನೋಡಿಕೊಳ್ಳುತ್ತೇವೆ."

ಆ ಮಾತು ಆಡದಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಪ್ಲಾಸ್ಟಿಕ್ ಕುರ್ಚಿ ಎಳೆದು ಗೇಟಿನ ಮುಂದೆ ಹಾಕಿಕೊಂಡು ಕೂತೆ. ಲಾರಿಯವನು ಹಾರ್ನು ಹೊಡೆದ. ಬೀದಿಯಲ್ಲಿ ಶುಂಠಿ ಹೊತ್ತ ಗಾಡಿಯವರು ನಿಂತು ನೋಡಿದರು. ಇಕ್ಕ ಮಾಡಿನ ಮೇಲಿನಿಂದ, "ಪೆಂಙಳೇ, ಚಹಾ ಕಳಿಸಲಾ?" ಎಂದು ಕೂಗಿದ. ಎಲ್ಲರೂ ನಕ್ಕರು. ನನಗೂ ನಗು ಬಂತು. ಎದ್ದೇಳಲಿಲ್ಲ.

ದೊಡ್ಡ ಇಂಜಿನಿಯರ್ ಫೋನು ಮಾಡಿದರು.

"ನಿಮ್ಮ ಪ್ರೊಬೇಷನ್ ಇನ್ನೂ ಮುಗಿದಿಲ್ಲ. ಅನುಕಂಪದ ಮೇಲೆ ಕೊಟ್ಟ ಕೆಲಸ ಅದು. ಮರೆಯಬೇಡಿ."

"ಮರೆತಿಲ್ಲ ಸಾರ್. ಆದರೆ ಅನುಕಂಪ ನನ್ನ ಮೇಲೆ ಅಲ್ಲವಾ? ಹಂಚು ಇಲಾಖೆಯದ್ದು. ಕಾಗದವಿಲ್ಲದೆ ಹೇಗೆ ಬಿಡುವುದು?"

"ಸಮಿತಿಯ ಒಪ್ಪಿಗೆ ತರುತ್ತೇನೆ. ಆಮೇಲೆ ಏನು ಹೇಳುತ್ತೀರಿ ನೋಡೋಣ" ಎಂದು ಫೋನು ಇಟ್ಟರು. ಲಾರಿ ಹಿಂದಕ್ಕೆ ಹೋಯಿತು.

ಮನೆಯಲ್ಲಿ ಮಗಳಿಗೆ ಹೇಳಿದೆ. ಅವಳಿಗೆ ಇನ್ನೂ ಎರಡು ವರ್ಷ ಓದುವುದಿತ್ತು. ನನ್ನ ಕೆಲಸ ಹೋದರೆ ಇಲಾಖೆಯ ಕ್ವಾರ್ಟರ್ಸೂ ಹೋಗುತ್ತದೆ. ಅವಳು ಸಿಟ್ಟಾದಳು.

"ಅಮ್ಮೇ, ಅದು ಹಂಚು. ಬರೀ ಹಂಚು. ಅಚ್ಛನ್ ಅಲ್ಲ" ಎಂದಳು ಮಲಯಾಳದಲ್ಲಿ.

"ಅದು ನನಗೆ ಗೊತ್ತುಂಟು. ಅದಕ್ಕೇ ಹಂಚಿನ ಬಗ್ಗೆ ಮಾತಾಡುತ್ತಿದ್ದೇನೆ" ಎಂದೆ.

ಅವಳು ಬಾಗಿಲು ಹಾಕಿಕೊಂಡಳು. ಬೆಳಿಗ್ಗೆ ಎದ್ದು ಬಂದು, ಕಬ್ಬಿಣದ ಕಪಾಟಿನ ಮೇಲೆ ಲುಂಗಿಯಲ್ಲಿ ಸುತ್ತಿಟ್ಟಿದ್ದ ಹಂಚನ್ನು ತಾನೇ ಇಳಿಸಿ ಮೇಜಿನ ಮೇಲಿಟ್ಟಳು. "ಇದನ್ನೂ ತೆಗೆದುಕೊಂಡು ಹೋಗಿ" ಎಂದಳು. ಅದನ್ನು ಮಾತ್ರ ಕನ್ನಡದಲ್ಲಿ ಹೇಳಿದಳು.

ಮೇ ತಿಂಗಳಲ್ಲಿ ಸಮಿತಿ ಕೂಡಿತು. ದೊಡ್ಡವರು ಮೇಡಂ ಅನ್ನು ಕರೆದೊಯ್ದರು. ನನ್ನನ್ನು ಯಾರೂ ಕರೆದಿರಲಿಲ್ಲ. ರಜೆ ಬರೆದುಕೊಟ್ಟು, ಅದೇ ಬೆಳಗಿನ ರೈಲು ಹತ್ತಿದೆ. ವರ್ಕಲ ದಾಟಿದ ಮೇಲೆ ಡಬ್ಬಿಯ ಆ ತುದಿಯಿಂದ ದೊಡ್ಡವರು ನನ್ನನ್ನು ಕಂಡರು. ಬಂದು ಎದುರಿಗೆ ಕೂತು, ನನ್ನ ಮಡಿಲಿನ ಚೀಲ ನೋಡಿ, "ಅದರಲ್ಲಿ ಹಂಚಿದೆ ಎಂದು ಮಾತ್ರ ಹೇಳಬೇಡಿ" ಎಂದರು.

"ಇದೆ ಸಾರ್."

ಹಣೆ ಹಿಡಿದುಕೊಂಡರು. ಹಿಂದಿನ ವರ್ಷದ ಸಭೆಯಲ್ಲೂ ಅವರಿದ್ದರು. "ಅವನೂ ತಂದಿದ್ದ" ಎಂದರು. "ಸಭೆಯಲ್ಲಿ ನಮ್ಮ ವಿಷಯ ಬರುವಷ್ಟರಲ್ಲಿ ಊಟದ ಹೊತ್ತಾಗಿ ಮುಂದಕ್ಕೆ ಹಾಕಿದರು. ಚೀಲದಿಂದ ತೆಗೆಯಲೇ ಇಲ್ಲ." ಆಮೇಲೆ ತಿರುವನಂತಪುರದ ತನಕ ಕಿಟಕಿಯ ಹೊರಗೆ ನೋಡುತ್ತಿದ್ದರು.

ಸಮಿತಿಯ ಮುಂದೆ ದೊಡ್ಡವರು ತಮ್ಮ ವಾದವನ್ನು ಬಿಡದೆ ಹೇಳಿದರು. ದಾಖಲೆ ನೆನೆಯುತ್ತಿದೆ. ಹಂಚು ಹೊದಿಸುವವರು ಸಿಗುವುದಿಲ್ಲ. ಪ್ರತಿ ವರ್ಷ ಮಳೆಗೆ ಮುಂಚೆ ಹತ್ತಿ ನೋಡುವವರು ಬೇಕು, ನಾಳೆ ಯಾರು ನೋಡುತ್ತಾರೆ? ಒಂದೂ ಸುಳ್ಳಲ್ಲ. ಮೇಡಂ ಎದ್ದು ಅಳತೆಗಳನ್ನು ವಿವರಿಸಿದಳು. ಮೇಲಧಿಕಾರಿಯ ಎದುರಿಗೇ, ಶೀಟು ಹಾಕುವುದಕ್ಕೆ ತನ್ನ ಒಪ್ಪಿಗೆ ಇಲ್ಲ ಎಂದಳು. ಸಮಿತಿಯಲ್ಲಿದ್ದ ಹಿರಿಯ ಆರ್ಕಿಟೆಕ್ಟ್ ಒಬ್ಬರಿಗೆ ಅಚ್ಚುಗಳ ವಿಷಯ ಮೊದಲೇ ಗೊತ್ತಿತ್ತು. ಅವರ ಪ್ರಶ್ನೆ ಬೇರೆ: "ಗುಡ್ಡೆ ಬೆರೆತು ಹೋಗಿದೆಯಲ್ಲ. ಬಿಡಿಸುವವರು ಯಾರು? ಮಳೆ ಬಾಗಿಲಲ್ಲಿದೆ."

ನಾನು ಹಿಂದಿನ ಸಾಲಿನಿಂದ ಎದ್ದೆ. ಏನು ಹೇಳಬೇಕೆಂದು ರೈಲಿನಲ್ಲಿ ಜೋಡಿಸಿಕೊಂಡಿದ್ದೆಲ್ಲ ಹೋಗಿತ್ತು.

"ನಾನು ಬಿಡಿಸುತ್ತೇನೆ ಸಾರ್. ಒಂದು ಇಳಿಜಾರು ಸಾಕು. ಒಂದು ಮಳೆ ಕೊಡಿ. ಸೋರಿದರೆ ಗೇಟಿನ ಕೀಲಿ ನಾನೇ ತಂದುಕೊಡುತ್ತೇನೆ."

ಅವರು ದೊಡ್ಡವರ ಕಡೆ ನೋಡಿದರು. ದೊಡ್ಡವರು ನನ್ನ ಕಡೆ ನೋಡದೆ, "ಒಂದು ಮಳೆ" ಎಂದರು. ಹಾಗೆ ತೀರ್ಮಾನವಾಯಿತು. ತೆಂಕಣ ಇಳಿಜಾರನ್ನು ಮಳೆಗೆ ಮುಂಚೆ ಒಂದೇ ಗುರುತಿನ ಹಂಚಿನಿಂದ ಹೊದಿಸುವುದು. ಸೋರುವುದು ನಿಂತರೆ ಉಳಿದದ್ದೂ ಹಂಚು. ನಿಲ್ಲದಿದ್ದರೆ ಶೀಟು.

ಹಿಂದಿರುಗುವ ರೈಲಿಗೆ ಹೊತ್ತಿತ್ತು. ಮೇಡಂಗೆ ಹೇಳಿ ಉಳ್ಳೂರಿಗೆ ಆಟೋ ಹಿಡಿದೆ. ಆ ಹಳೆಯ ಮನೆಯಿದ್ದ ಜಾಗದಲ್ಲಿ ಫ್ಲಾಟುಗಳ ಕಂಬಗಳು ಎದ್ದಿದ್ದವು. ಕಾವಲುಗಾರನನ್ನು ಗಾಜಿನ ಹಂಚು, ಚಿಲ್ಲೋಡು, ಏನಾದರೂ ಉಳಿದಿತ್ತೇ ಎಂದು ಕೇಳಿದೆ. "ಇಲ್ಲಿ ಹಂಚಿನ ಮನೆ ಇತ್ತಾ?" ಎಂದು ಅವನೇ ನನ್ನನ್ನು ಕೇಳಿದ. ರಸ್ತೆಯ ಅಂಚಿನಲ್ಲಿ ಸ್ವಲ್ಪ ಹೊತ್ತು ನಿಂತೆ. ಆಸ್ಪತ್ರೆಗೆ ಹೋಗುವ ಆಟೋಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು.

ಆಮೇಲಿನದ್ದು ಬರೀ ದುಡಿಮೆ. ಹೊದಿಸಿದ್ದನ್ನು ಮತ್ತೆ ಇಳಿಸಿದೆವು. ಒಂದೊಂದೇ ಹಂಚಿನ ಬೆನ್ನು ನೋಡಿ ಮೀನು, ಗಂಟೆ, ಚಂದ್ರ ಎಂದು ಕೂಗುವುದು, ಮೂರು ಕಡೆ ಸಾಗಿಸುವುದು. ಮಲಗಿಸಿ ಪೇರಿಸಿದರೆ ಕೆಳಗಿನದು ಒಡೆಯುತ್ತದೆ, ಪುಸ್ತಕದ ಹಾಗೆ ನಿಲ್ಲಿಸಬೇಕು. ಗುರುತು ಸವೆದು ಹೋದವನ್ನು ಮೇಡಂ ಅಳೆದು ನೋಡಿ ಹೇಳುತ್ತಿದ್ದಳು. ಹೆಣ್ಣಾಳುಗಳು ಮೀನು ಬಂದಾಗೆಲ್ಲ ಮಾರುಕಟ್ಟೆಯಲ್ಲಿ ಬೂತಾಯಿ ಮೀನು ಮಾರುವವರ ಹಾಗೆ "ಮತ್ತಿ, ಮತ್ತಿ, ತಾಜಾ ಮತ್ತಿ" ಎಂದು ಕೂಗಿ ನಗುತ್ತಿದ್ದರು. ಬಂಡಸಾಲೆಯಲ್ಲಿ ನಾನು ಜೋರಾಗಿ ನಕ್ಕದ್ದು ಆಗಲೇ.

ರೀಪುಗಳನ್ನೂ ಕಿತ್ತು ಮತ್ತೆ ಹೊಡೆಯಬೇಕಾಯಿತು, ಮೀನಿನ ಹಂಚಿನ ಅಂತರಕ್ಕೆ. ಅಳತೆಗೆ ಒಂದು ಹಂಚು ಬೇಕು, ಅಂಚು ಸವೆಯದ, ಗುಬುಟು ಮುರಿಯದ ಹಂಚು. ನಾನು ಚೀಲದಿಂದ ಇವರದ್ದನ್ನು ತೆಗೆದುಕೊಟ್ಟೆ. ಇಕ್ಕ ಅದನ್ನು ತಟ್ಟಿ ಕಿವಿಗೆ ಹಿಡಿದ. "ಇದು ಸರಿ" ಎಂದ. ಸೂರಿನಿಂದ ನೆತ್ತಿಯವರೆಗೆ ಪ್ರತಿ ಸಾಲಿನಲ್ಲೂ ಆ ಹಂಚನ್ನು ಇಟ್ಟು ನೋಡಿ ರೀಪು ಹೊಡೆದರು.

ಮೀನಿನವು ಸಾಕಾಗಲಿಲ್ಲ. ಹಳೆಯ ಮನೆ ಎಲ್ಲಿ ಕೆಡವುತ್ತಾರೆ ಎಂದು ಕೇಳಿಕೊಂಡು ಭಾನುವಾರಗಳಲ್ಲಿ ಹೊರಟೆ. ಏಲೂರಿನಲ್ಲಿ, ಕಾರ್ಖಾನೆಗಳ ಹೊಗೆ ಮೂಗಿಗೆ ಹತ್ತುವ ಒಂದು ಓಣಿಯಲ್ಲಿ, ದನದ ಕೊಟ್ಟಿಗೆಯ ಮಾಡಿನ ಮೇಲೆ ಪೂರ್ತಿ ಮೀನು ಸಿಕ್ಕಿತು. ಮನೆಯೊಡತಿ ನನ್ನ ಕಥೆ ಕೇಳಿ ಪಾವಂ ಎನ್ನುತ್ತಾಳೆಂದು ಕಾದೆ. ಅವಳು, "ಬೆನ್ನು ನೋಡಿ ಹಂಚು ಕೇಳುವವರನ್ನು ನೋಡಿದ್ದು ಇದೇ ಮೊದಲು. ಸ್ವಲ್ಪ ತಲೆ ಕೆಟ್ಟಿದೆಯಾ ನಿಮಗೆ?" ಎಂದಳು. ಅವಳ ಮೇಲೆ ಪ್ರೀತಿ ಬಂತು. ಅಲ್ಲಿಯೂ ಗಾಜಿನದು ಇರಲಿಲ್ಲ.

ಕೊನೆಯ ದಿನ ಮೇಲಿನ ಸಾಲಿಗೆ ಒಂದು ಹಂಚು ಕಡಿಮೆ ಬಿತ್ತು. ಇಕ್ಕ ಅಳತೆಯ ಹಂಚನ್ನು ಕೈಯಲ್ಲಿ ಹಿಡಿದು ಮೇಲಿನಿಂದ ನನ್ನನ್ನು ನೋಡಿದ. ಅದು ಇವರದ್ದೆಂದು ಅವನಿಗೆ ಯಾರೋ ಹೇಳಿದ್ದರು. "ಬೇರೆ ಹುಡುಕಲಾ ಪೆಂಙಳೇ?" ಎಂದ. ಪಡುವಣ ದಿಕ್ಕಿನಲ್ಲಿ ಕಪ್ಪು ಕಟ್ಟಿತ್ತು.

"ಹಾಕು ಇಕ್ಕಾ. ಅದು ಹಂಚು" ಎಂದೆ.

ಮಳೆ ಬಂತು. ನಾನು, ಮೇಡಂ, ಇಕ್ಕ ಮೇಲಿನ ಅಂತಸ್ತಿನಲ್ಲಿ ದೀಪ ಆರಿಸಿ ನಿಂತೆವು. ಎಲ್ಲಿಯಾದರೂ ಬೆಳಕಿನ ಚುಕ್ಕೆ ಕಂಡರೆ ಅಲ್ಲಿ ಸಂದಿದೆ ಎಂದರ್ಥ. ತಲೆಯ ಮೇಲೆ ಸದ್ದು ಎಷ್ಟಿತ್ತೆಂದರೆ ಮಾತು ಕೇಳಿಸುತ್ತಿರಲಿಲ್ಲ. ಮೇಡಂ ಬರಿಗಾಲಿನಲ್ಲಿ ನೆಲದ ಹಲಗೆಗಳ ಮೇಲೆ ನಡೆದಳು, ಕಾಲಿಗೆ ತೇವ ತಾಗುತ್ತದೆಯೇ ಎಂದು. ಗಾಳಿ ತಿರುಗಿ ತೆಂಕಣದಿಂದಲೇ ಹೊಡೆಯಿತು. ನಾವು ಕಾದೆವು. ನೆಲ ಒಣಗಿಯೇ ಇತ್ತು. ನಡುವಿನ ಒಂದು ಜಾಗ ಬಿಟ್ಟು. ಗಾಜಿನ ಹಂಚು ಇರಬೇಕಾದಲ್ಲಿ ಮುಚ್ಚಿದ್ದ ತಗಡಿನ ಅಂಚಿನಿಂದ ಹನಿ ಬೀಳುತ್ತಿತ್ತು. ಅಲ್ಲಿ ಒಂದು ಬಕೆಟ್ಟು ಇಟ್ಟೆ.

ಜುಲೈಯಲ್ಲಿ ದೊಡ್ಡ ಇಂಜಿನಿಯರ್ ಬಂದರು. ನೆಲ ಮುಟ್ಟಿ ನೋಡಿದರು. ಗೋಡೆ ಮುಟ್ಟಿ ನೋಡಿದರು. ಬಕೆಟ್ಟಿನ ಹತ್ತಿರ ನಿಂತು, "ಇದು?" ಎಂದರು.

"ಅದಕ್ಕೆ ಹಂಚು ಸಿಕ್ಕಿಲ್ಲ ಸಾರ್."

"ಅಕ್ರಿಲಿಕ್ ಹಾಕಿಸಿ. ಬೇಕಾದ ಆಕಾರಕ್ಕೆ ಮಾಡಿಕೊಡುತ್ತಾರೆ."

"ಸಿಗುವ ತನಕ ತಗಡು ಇರಲಿ ಸಾರ್."

ಅವರಿಗೆ ನಗು ಬಂತೋ ಸಿಟ್ಟು ಬಂತೋ. ಬಡಗಣ ಇಳಿಜಾರಿಗೂ ಹಂಚೇ ಎಂದು ಬರೆದು ಸಹಿ ಮಾಡಿದರು. ಇಳಿಯುವಾಗ ಮೆಟ್ಟಿಲಲ್ಲಿ ತಿರುಗಿ, "ಮುಂದಿನ ವರ್ಷ ಹತ್ತಿ ನೋಡುವವರು ಯಾರು?" ಎಂದು ಕೇಳಿದರು. ಇಕ್ಕನಿಗೆ ಮೊಣಕಾಲು ನೋವು. ಮೇಡಂಗೆ ವರ್ಗವಾಗಬಹುದು. ನಾನಿದ್ದೇನೆ, ಏಣಿಯಿದೆ ಎಂದೆ.

ಬಡಗಣ ಇಳಿಜಾರಿಗೆ ಗಂಟೆಯ ಗುರುತಿನ ಹಂಚು ಬಂದಿದೆ. ಹಿಂದಿನ ಚಾವಡಿಗೆ ಚಂದ್ರ. ದಾಖಲೆಗಳನ್ನು ಬಿಸಿಲಿಗೆ ಒಣಗಿಸಿ ಮತ್ತೆ ಮೇಲೆ ಸಾಗಿಸಿದ್ದೇವೆ. ಇವರ ಹಂಚು ತೆಂಕಣ ಮಾಡಿನ ಮೇಲಿನ ಸಾಲಿನಲ್ಲಿ ಎಲ್ಲೋ ಇದೆ. ಯಾವುದೆಂದು ಈಗ ನನಗೂ ಗುರುತು ಸಿಗುವುದಿಲ್ಲ. ಅದಕ್ಕಾಗಿ ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ತಗಡಿನ ಕೆಳಗೆ ಒಂದು ಮೇಜಿದೆ. ಅಲ್ಲಿ ಕೂತು ಓದುವವರು ಹಗಲಲ್ಲೂ ದೀಪ ಹಾಕಬೇಕು. ಮೀನಿನ ಗುರುತಿನ ಗಾಜಿನ ಹಂಚು ಇನ್ನೂ ಸಿಕ್ಕಿಲ್ಲ.